ಕ್ಯಾಟಲಾಗ್‌ನಲ್ಲಿ 36.8 ಡಿಗ್ರಿ, ನನ್ನ ಥಾರ್‌ನಲ್ಲಿ 18

ಸಕಲೇಶಪುರದ ಕಡೆ ನಮ್ಮ ತೋಟಕ್ಕೆ ಹೋಗಬೇಕಾದರೆ ಒಂದು ಹಳ್ಳ ದಾಟಬೇಕು. ನೀರು ಮೊಣಕಾಲಷ್ಟೂ ಇರಲ್ಲ. ಆಚೆಯ ದರೆ, ಅಂದರೆ ಕಡಿದಾದ ದಂಡೆ, ಹತ್ತುವುದೇ ಕಷ್ಟ. ನನ್ನ ಮಹೀಂದ್ರ ಥಾರ್ ಜೀಪು ಮೂರು ವರ್ಷ ಅಲ್ಲಿ ಒಂದು ದಿನವೂ ತಕರಾರು ಮಾಡಿರಲಿಲ್ಲ. ಕೊಯ್ಲಿನ ಹೊತ್ತಿಗೆ ಚಿಕ್ಕ ಟ್ರೇಲರ್ ಎಳೆಯೋಣ ಅಂತ ಹಿಂದೆ ಒಂದು ಹುಕ್ ಹಾಕಿಸಿದೆ. ಅದೇ ವಾರ ಸಿಕ್ಕಿಬಿದ್ದೆ.

ಟ್ರೇಲರ್ ಇರಲಿಲ್ಲ, ಗಾಡಿಯೊಳಗೆ ಕಾಫಿಯ ಐದು ಮೂಟೆ ಇತ್ತು. ಮುಂದಿನ ಚಕ್ರ ದರೆ ಹತ್ತಿತು. ಹಿಂದಿನ ಚಕ್ರ ದರೆಯ ಬುಡಕ್ಕೆ ಬಂದ ಕೂಡಲೇ ಕರ್ರ್ ಅಂತ ಸದ್ದು, ಗಾಡಿ ನಿಂತೇಹೋಯಿತು. ಇಳಿದು ನೋಡಿದರೆ ಹುಕ್ ಹಳ್ಳದ ಮಣ್ಣಿಗೆ ನೇಗಿಲಿನ ಹಾಗೆ ನೆಟ್ಟಿದೆ. ಗಾಡಿಯ ಹಿಂಭಾರವನ್ನು ಅದೇ ಹೊತ್ತುಕೊಂಡಿದೆ. ಚಕ್ರಕ್ಕೆ ಭಾರ ಇಲ್ಲದಿದ್ದರೆ ಹಿಡಿತ ಎಲ್ಲಿಂದ ಬರಬೇಕು? ನಾಲ್ಕೂ ಚಕ್ರಕ್ಕೆ ಎಳೆತ ಕೊಡುವ ಫೋರ್ ವ್ಹೀಲ್ ಲೋ ಗೇರ್ ಹಾಕಿದರೂ ಒದ್ದೆ ಮಣ್ಣಲ್ಲಿ ಸುಮ್ನೆ ತಿರುಗುತ್ತಿತ್ತು. ಮೂಟೆ ಇಳಿಸಿ, ಗುದ್ದಲಿಯಿಂದ ಹುಕ್ ಸುತ್ತ ಬಿಡಿಸಿ, ಹಿಂದಕ್ಕೆ ತಂದೆ.

ಆ ರಾತ್ರಿ ಕ್ಯಾಟಲಾಗ್ ತೆಗೆದು ನೋಡಿದೆ. 2020ರಲ್ಲಿ ಬಂದ ಈ ಥಾರ್‌ಗೆ ಅಪ್ರೋಚ್ ಆಂಗಲ್ 41.8, ಡಿಪಾರ್ಚರ್ 36.8, ಹೊಟ್ಟೆಯ ಕೆಳಗಿನ ಬ್ರೇಕ್‌ಓವರ್ 27 ಡಿಗ್ರಿ. ಮುಂದಿನ ಬಂಪರ್ ತಾಗದೆ ಎಷ್ಟು ಕಡಿದಾದ ಏರಿಗೆ ಮೂತಿ ಕೊಡಬಹುದು ಅನ್ನೋದು ಮೊದಲನೆಯದು. ಹಿಂಭಾಗ ತಾಗದೆ ಎಷ್ಟು ಓರೆಯಾಗಬಹುದು ಅನ್ನೋದು ಎರಡನೆಯದು. ಹೊಟ್ಟೆ ತಾಗದೆ ಎಷ್ಟು ಚೂಪಾದ ದಿಬ್ಬ ದಾಟಬಹುದು ಅನ್ನೋದು ಮೂರನೆಯದು. ಆದರೆ ಈ ಲೆಕ್ಕ ಕಾರ್ಖಾನೆಯಿಂದ ಬಂದ ಗಾಡಿಯದ್ದು. ನನ್ನದು ಈಗ ಅದಲ್ಲ ಅಲ್ವಾ?

ಬೆಳಿಗ್ಗೆ ಸಿಮೆಂಟ್ ಅಂಗಳದಲ್ಲಿ ನಿಲ್ಲಿಸಿ ಟೇಪ್ ಹಿಡಿದೆ. ಹಿಂದಿನ ಟೈರ್ ನೆಲ ಮುಟ್ಟುವ ಜಾಗದ ನಡುವಿನಿಂದ ಹುಕ್‌ನ ತುದಿಗೆ 90 ಸೆಂ.ಮೀ. ನೆಲದಿಂದ ಆ ತುದಿ 30 ಸೆಂ.ಮೀ. ಎತ್ತರ. ಎತ್ತರವನ್ನು ದೂರದಿಂದ ಭಾಗಿಸಿ, ಫೋನಿನ ಕ್ಯಾಲ್ಕುಲೇಟರಲ್ಲಿ ಟ್ಯಾನ್ ಇನ್ವರ್ಸ್ ಒತ್ತಿದರೆ ಸುಮಾರು 18 ಡಿಗ್ರಿ! ಅರ್ಧಕ್ಕರ್ಧ ಹೋಗಿತ್ತು. ಐದು ಮೂಟೆ ಹೇರಿ ಮತ್ತೆ ಅಳೆದೆ. ಹಿಂಭಾಗ 5 ಸೆಂ.ಮೀ. ಕುಸಿಯಿತು, ಲೆಕ್ಕ 15.5ಕ್ಕೆ ಇಳಿಯಿತು. ಟೈರ್ ದುಂಡಗಿರುವುದರಿಂದ ನಿಜವಾದ ಕೋನ ಇದಕ್ಕಿಂತ ಒಂದೆರಡು ಡಿಗ್ರಿ ಜಾಸ್ತಿಯೇ ಇರುತ್ತದೆ. ಅದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ, ಅಷ್ಟು ಕೈಯಲ್ಲಿರಲಿ ಅಂತ ಬಿಟ್ಟೆ.

ಆಮೇಲೆ ದರೆಯ ಮೇಲೆ ಉದ್ದನೆಯ ಹಲಗೆ ಇಟ್ಟು, ಅದರ ಮೇಲೆ ಫೋನ್ ಇಟ್ಟು ನೋಡಿದೆ. 22 ಡಿಗ್ರಿ.

ವೆಲ್ಡಿಂಗ್ ಅಂಗಡಿಯವರಿಗೆ ಈ ಅಂಕಿಗಳನ್ನೇ ಚೀಟಿಯಲ್ಲಿ ಬರೆದು ಕೊಟ್ಟೆ. ಹುಕ್ ಮೇಲಕ್ಕೆ, ಒಳಕ್ಕೆ ಹೋಯಿತು. ಈಗ 80 ಸೆಂ.ಮೀ. ದೂರ, 40 ಸೆಂ.ಮೀ. ಎತ್ತರ. ಖಾಲಿ ಗಾಡಿಗೆ 26.5, ಮೂಟೆ ಹೇರಿದರೆ 23.5. ಪಿನ್ ತೆಗೆದರೆ ಹುಕ್ಕೇ ಕೈಗೆ ಬರುವ ಹಾಗೆ ಮಾಡಿಸಿದೆ. ಟ್ರೇಲರ್ ಇಲ್ಲದ ದಿನ ಅದು ಸೀಟಿನ ಕೆಳಗೆ ಇರುತ್ತದೆ.

ಮುಂದೆ ದಪ್ಪ ಕಬ್ಬಿಣದ ಬಂಪರ್ ಹಾಕಿಸು ಅಂತ ಗೆಳೆಯರು ಹೇಳುತ್ತಲೇ ಇರುತ್ತಾರೆ. ನಾನು ಒಪ್ಪಿಲ್ಲ. ಚಕ್ರದ ಮುಂದೆ ಚಾಚಿದ ಪ್ರತಿ ಇಂಚೂ ಆ 41.8ರಿಂದಲೇ ಕಡಿತ. ಹೊಟ್ಟೆಯ ಕೋನವನ್ನಂತೂ ಹೀಗೆ ಸರಿಮಾಡಲು ಆಗಲ್ಲ. ಅದು ಬಹುಮಟ್ಟಿಗೆ ಎರಡು ಆಕ್ಸೆಲ್‌ಗಳ ನಡುವಿನ ದೂರದ ಮೇಲೆ ನಿಂತಿದೆ. ನನ್ನ ಗಾಡಿಯದ್ದು 2450 ಮಿ.ಮೀ. ಐದು ಬಾಗಿಲಿನ ಥಾರ್ ರಾಕ್ಸ್‌ನದು 2850, ಅದಕ್ಕೇ ಅದರ ಬ್ರೇಕ್‌ಓವರ್ 23.9. ಗಾಡಿ ತಗೊಳ್ಳುವಾಗಲೇ ನೋಡಬೇಕಾದ ಅಂಕಿ ಇದು.

ಮೊನ್ನೆ ಐದು ಮೂಟೆ ಹೇರಿಕೊಂಡು, ಬೇಕಂತಲೇ ಹುಕ್ ಬಿಚ್ಚದೆ ಹಳ್ಳಕ್ಕೆ ಇಳಿದೆ. ನನ್ನ ತಮ್ಮ ಹಿಂದೆ ಕೂತು ನೆಲ ನೋಡುತ್ತಿದ್ದ. ಲೋ ಗೇರಲ್ಲಿ ಮೆಲ್ಲಗೆ ಹತ್ತಿಸಿದೆ. "ಎರಡು ಬೆರಳು ಜಾಗ ಉಳೀತು ಕಣಣ್ಣ" ಅಂದ.