ಒಂದು ಕುಸ್ತಿಗೆ ಎಷ್ಟು? ನನ್ನ ವಹಿಯ ಲೆಕ್ಕ

ಕುಸ್ತಿ ಹಿಡಿಯುತ್ತಿದ್ದ ಹನ್ನೊಂದು ವರ್ಷವೂ ನಾನು ಇನ್ನೂರು ಪುಟದ ಒಂದು ವಹಿಯಲ್ಲಿ ಲೆಕ್ಕ ಬರೆದಿಟ್ಟಿದ್ದೇನೆ. ಊರು, ಎದುರಾಳಿಯ ತಾಲೀಮು (ಗರಡಿಮನೆ), ಮೈಕಿನಲ್ಲಿ ಕೂಗಿದ ಹಣ, ಕೈಗೆ ಬಂದ ಹಣ, ದಾರಿಖರ್ಚು, ಹೀಗೆ ಐದು ಕಲಮು. ಮೂರನೆಯ ಮತ್ತು ನಾಲ್ಕನೆಯ ಕಲಮುಗಳಲ್ಲಿ ಒಂದೇ ಅಂಕಿ ಇರುವ ಸಾಲುಗಳು ಬಹಳ ಕಡಿಮೆ. ಪೈಲ್ವಾನರಿಗೆ ಒಂದು ಕುಸ್ತಿಗೆ ಎಷ್ಟು ಸಿಗುತ್ತದೆ ಎಂದು ಕೇಳುವವರು ಸಾಮಾನ್ಯವಾಗಿ ಪೋಸ್ಟರಿನಲ್ಲಿ ದೊಡ್ಡ ಫೋಟೊ ಹಾಕಿಸಿಕೊಂಡ ಒಂದನೇ ನಂಬರಿನ ಜೋಡಿಯ ಲಕ್ಷ ರೂಪಾಯಿಯನ್ನು ಕಂಡು ಕೇಳುತ್ತಾರೆ. ನಾನು ಹೇಳುತ್ತಿರುವುದು ಅದೇ ಪೋಸ್ಟರಿನ ಕೆಳಭಾಗದಲ್ಲಿ, ಏಳನೆಯದೋ ಎಂಟನೆಯದೋ ಆಗಿ ಹೆಸರು ಬರುತ್ತಿದ್ದವನ ಲೆಕ್ಕ.

ನಾನು ಅಥಣಿ ತಾಲ್ಲೂಕಿನವನು. ಹತ್ತನೆಯ ವಯಸ್ಸಿನಲ್ಲಿ ನಮ್ಮೂರ ಜಾತ್ರೆಯಲ್ಲಿ ಒಂದು ತೆಂಗಿನಕಾಯಿಗೆ ಮೊದಲ ಕುಸ್ತಿ ಹಿಡಿದೆ. ಹದಿನೇಳಕ್ಕೆ ಕೊಲ್ಲಾಪುರದ ಒಂದು ತಾಲೀಮು ಸೇರಿದೆ. ಶಾಹೂ ಮಹಾರಾಜರ ಕಾಲದಲ್ಲಿ, 1912ರಲ್ಲಿ ಕಟ್ಟಿ ಮುಗಿದ ಖಾಸಬಾಗ ಮೈದಾನ ಇರುವ ಆ ಊರಿಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಹುಡುಗರು ಹಿಂದಿನಿಂದಲೂ ಹೋಗುತ್ತಲೇ ಬಂದಿದ್ದಾರೆ. ಅಲ್ಲಿ ಕಲಿತವನೆಂದರೆ ನಮ್ಮ ಕಡೆಯ ಜಾತ್ರೆ ಕಮಿಟಿಯವರು ಎರಡು ಸಾವಿರ ಹೆಚ್ಚಿಗೆ ಮಾತಾಡುತ್ತಿದ್ದರು ಎಂಬುದೂ ಒಂದು ಕಾರಣ.

ಹಣ ನಿಗದಿಯಾಗುವುದು ಗೆಲುವಿನ ಮೇಲಲ್ಲ, ಜೋಡಿಯ ಮೇಲೆ. ಜಾತ್ರೆಗೆ ತಿಂಗಳಿರುವಾಗ ಕಮಿಟಿಯವರು ಊರಲ್ಲಿ ಪಟ್ಟಿ, ಎಂದರೆ ಚಂದಾ, ಎತ್ತುತ್ತಾರೆ. ಒಬ್ಬ ಗುತ್ತಿಗೆದಾರ ಒಂದನೇ ನಂಬರಿನ ಕುಸ್ತಿಯನ್ನು ತನ್ನ ಹೆಸರಿನಲ್ಲಿ ಹಿಡಿಸುತ್ತಾನೆ, ಇನ್ನೊಬ್ಬ ರೈತ ತೀರಿಹೋದ ತಂದೆಯ ನೆನಪಿಗೆ ಐದನೆಯದಕ್ಕೆ ದುಡ್ಡು ಕೊಡುತ್ತಾನೆ. ದೊಡ್ಡ ಮೊತ್ತವೆಲ್ಲ ಪಂಜಾಬ, ಹರಿಯಾಣದಿಂದ ಕರೆಸಿದ ಪೈಲ್ವಾನರ ಜೋಡಿಗಳಿಗೆ ಹೋಗಿ, ಉಳಿದದ್ದರಲ್ಲಿ ನಮ್ಮಂಥವರ ಇಪ್ಪತ್ತು ಮೂವತ್ತು ಕುಸ್ತಿಗಳು ಆಗಬೇಕು. ಹನ್ನೆರಡು ಸಾವಿರದ ಕುಸ್ತಿ ಎಂದು ಕೂಗಿದರೆ ಅದು ಇಬ್ಬರಿಗೂ ಸೇರಿದ ಹಣ. ನಾನು ಹಿಡಿದ ಹೆಚ್ಚಿನ ಊರುಗಳಲ್ಲಿ ಗೆದ್ದವನಿಗೆ ಎಂಟು, ಸೋತವನಿಗೆ ನಾಲ್ಕು, ಸಮಬಲವಾದರೆ ತಲಾ ಆರು ಎಂಬುದು ಮಾತಾಗಿರುತ್ತಿತ್ತು. ಈ ಮಾತನ್ನು ನಾವು ಆಡುವುದಿಲ್ಲ, ನಮಗೆ ಕುಸ್ತಿ ಕಲಿಸುವ ಗುರುಗಳಾದ ವಸ್ತಾದರು ಆಡುತ್ತಾರೆ. ಅವರ ಬಾಯಿ ಎಷ್ಟು ಗಟ್ಟಿಯೋ ನಮ್ಮ ಸಂಪಾದನೆ ಅಷ್ಟು.

ಮಾತಾದದ್ದೆಲ್ಲ ಕೈಗೆ ಬರುತ್ತದೆಂದಲ್ಲ. 2015ರ ಫೆಬ್ರುವರಿಯಲ್ಲಿ ಒಂದು ಜಾತ್ರೆಯಲ್ಲಿ ಅಂಥದ್ದೇ ಹನ್ನೆರಡು ಸಾವಿರದ ಕುಸ್ತಿ ಹಿಡಿದೆ. ಎದುರಾಳಿ ನನಗಿಂತ ಆರು ಕಿಲೊ ಹೆಚ್ಚು ತೂಕದವನು. ನಾಲ್ಕನೆಯ ನಿಮಿಷಕ್ಕೇ ಅವನನ್ನು ಕೆಳಗೆ ತೆಗೆದೆನಾದರೂ, ಅವನು ಎದೆಯನ್ನು ಮಣ್ಣಿಗೆ ಅಂಟಿಸಿ ಮಲಗಿಬಿಟ್ಟದ್ದರಿಂದ ಮಲಗಿದವನನ್ನು ಹೊರಳಿಸುವ ಘಿಸ್ಸಾ ಪಟ್ಟು ಹಾಕಲು ಎರಡು ಸಲ ಲಂಗೋಟಿಗೆ ಕೈ ಕೊಟ್ಟರೂ ಆತ ಹೊರಳಲಿಲ್ಲ. ಹಲಗೆಯವರ ಕೈ ಸೋತು ಬಡಿತ ನಿಧಾನವಾಯಿತು. ಇಪ್ಪತ್ತೆರಡನೆಯ ನಿಮಿಷಕ್ಕೆ ಪಂಚರು (ತೀರ್ಪುಗಾರರು) ಇಬ್ಬರ ಕೈಯನ್ನೂ ಎತ್ತಿ ಸಮಬಲ ಎಂದರು. ರಾತ್ರಿ ಗುಡಿಯ ಕಟ್ಟೆಯ ಮೇಲೆ ಕಮಿಟಿಯ ಹಿರಿಯರು ಲಕೋಟೆ ಕೊಟ್ಟರು. ಒಳಗೆ ನಾಲ್ಕು ಸಾವಿರವಿತ್ತು. ನಾನು ಎಣಿಸುವುದನ್ನು ನೋಡಿ, “ತಮ್ಮಾ, ಕುಸ್ತಿ ಚಲೋ ಆತು, ಆದ್ರ ನಿಕಾಲಿ ಆಗ್ಲಿಲ್ಲಲ್ಲ. ಮುಂದಿನ ವರ್ಷ ನೋಡೂಣು” ಎಂದರು. ನಿಕಾಲಿ ಎಂದರೆ ಸೋಲು ಗೆಲುವಿನ ತೀರ್ಮಾನ. ವಸ್ತಾದರು ಆ ದಿನ ಬಂದಿರಲಿಲ್ಲ. ವಹಿಯಲ್ಲಿ ಆ ಸಾಲು ಹೀಗಿದೆ: ಕೂಗಿದ್ದು 12,000, ಬಂದದ್ದು 4,000, ಬಸ್ಸು 740.

ಈ ಸಮಬಲದ ಲೆಕ್ಕದಿಂದಲೇ ನೂರಾ ಕುಸ್ತಿ ಹುಟ್ಟುತ್ತದೆ ಎಂಬುದು ನನ್ನ ಅಭಿಪ್ರಾಯ. ಒಳಗೊಳಗೇ ಒಪ್ಪಂದ ಮಾಡಿಕೊಂಡು ಹಿಡಿಯುವುದಕ್ಕೆ ಆ ಹೆಸರು. ವಾರದಲ್ಲಿ ಮೂರನೆಯ ಊರಿಗೆ ಬಂದ, ಭುಜ ನೋಯುತ್ತಿರುವ ಇಬ್ಬರು ಪೈಲ್ವಾನರಿಗೆ ಅರ್ಧ ಹಣ ಖಾತರಿ ಎಂದು ಗೊತ್ತಿದ್ದರೆ, ಮೊಣಕಾಲನ್ನು ಪಣಕ್ಕಿಟ್ಟು ಇನ್ನೆರಡು ಸಾವಿರಕ್ಕಾಗಿ ಏಕೆ ಹೋರಾಡಿಯಾರು? ಜನ ಬೈಯುವುದು ಸರಿಯೇ. ನಾನೂ ಅಂಥ ಎರಡು ಕುಸ್ತಿಗಳನ್ನು ಹಿಡಿದಿದ್ದೇನೆ. ವಹಿಯಲ್ಲಿ ಅವುಗಳ ಮುಂದೆ ಒಂದು ಚುಕ್ಕೆ ಇಟ್ಟಿದ್ದೇನೆ.

ನನ್ನ ಅತ್ಯುತ್ತಮ ಹಂಗಾಮು 2014ರ ದೀಪಾವಳಿಯಿಂದ 2015ರ ಬಸವ ಜಯಂತಿಯವರೆಗಿನದು. ಒಟ್ಟು 38 ಕುಸ್ತಿ: ಗೆದ್ದದ್ದು 21, ಸಮಬಲ 12, ಸೋತದ್ದು 5. ಲಕೋಟೆಗಳಲ್ಲಿ ಬಂದದ್ದು 1,48,000 ರೂಪಾಯಿ. ಗೆದ್ದ ಮೇಲೆ ಅಖಾಡದ ಸುತ್ತ ಹೋಗುವಾಗ ಜನ ಹತ್ತು, ಐವತ್ತು, ನೂರರ ನೋಟುಗಳನ್ನು ಕೈಗಿಟ್ಟು ಮಾಡುವ ಆಯೇರಿ 22,000. ಎರಡೂ ಸೇರಿ 1,70,000. ಎಂದರೆ ಒಂದು ಕುಸ್ತಿಗೆ ಸುಮಾರು ನಾಲ್ಕೂವರೆ ಸಾವಿರ. ಕೇಳಲು ಚೆನ್ನಾಗಿದೆ.

ಖುರಾಕಿನ, ಎಂದರೆ ಪೈಲ್ವಾನನ ಆಹಾರದ, ಲೆಕ್ಕ ಬೇರೆ. ದಿನಕ್ಕೆ ಎರಡು ಲೀಟರ್ ಹಾಲು, ರಾತ್ರಿ ನೆನೆಸಿ ಬೆಳಿಗ್ಗೆ ಅರೆದ ನೂರು ಗ್ರಾಂ ಬಾದಾಮಿಯ ಥಂಡಾಯಿ, ಆರು ಮೊಟ್ಟೆ, ತುಪ್ಪ, ದಿನ ಬಿಟ್ಟು ದಿನ ಅರ್ಧ ಕಿಲೊ ಮಟನ್, ಹಣ್ಣು. ಆಗಿನ ದರದಲ್ಲಿ ತಿಂಗಳಿಗೆ ಹನ್ನೊಂದು ಸಾವಿರ. ಜಾತ್ರೆಗಳು ಮಳೆಗಾಲದಲ್ಲಿ ನಿಂತರೂ ಹೊಟ್ಟೆ ನಿಲ್ಲುವುದಿಲ್ಲವಾದ್ದರಿಂದ ವರ್ಷಕ್ಕೆ 1,32,000. ನನಗೂ ಜೊತೆಗೆ ಬರುವ ಹುಡುಗನಿಗೂ ದಾರಿಖರ್ಚು 22,800. ಉಳಿದದ್ದು 15,200 ರೂಪಾಯಿ, ಅಂದರೆ ಒಂದು ಕುಸ್ತಿಗೆ ನಾನೂರು. ಆ ಜೂನಿನಲ್ಲಿ ಎಡ ಮೊಣಕಾಲನ್ನು ಸ್ಕ್ಯಾನ್ ಮಾಡಿಸಿದಾಗ ಅದರಲ್ಲಿ ಅರ್ಧ ಹೋಯಿತು. ಮನೆಯಲ್ಲಿ ಅಣ್ಣ ಎರಡು ಎಕರೆ ಕಬ್ಬು ನೋಡಿಕೊಳ್ಳದಿದ್ದರೆ ನಾನು ಎರಡನೆಯ ವರ್ಷಕ್ಕೇ ತಾಲೀಮು ಬಿಡಬೇಕಾಗುತ್ತಿತ್ತು.

ಬೆಳ್ಳಿ ಕಡಗದ ಬಗ್ಗೆಯೂ ಹೇಳಬೇಕು. ಅದೇ ವರ್ಷ ಒಂದು ಊರಿನಲ್ಲಿ ಹತ್ತು ತೊಲಿಯ ಕಡಗವೆಂದು ಕೂಗಿ, ಕುಣಿಸಿ, ಕೈಗೆ ತೊಡಿಸಿದರು. ಹಣದ ಅಡಚಣೆಯಾದಾಗ ಅಥಣಿಯಲ್ಲಿ ಅಕ್ಕಸಾಲಿಗರ ತಕ್ಕಡಿಯಲ್ಲಿಟ್ಟರೆ 71 ಗ್ರಾಂ ತೂಗಿತು, ಆರು ತೊಲಿಗೆ ತುಸು ಹೆಚ್ಚು. ಅವರು ಒಂದು ಮಾತೂ ಆಡದೆ ದುಡ್ಡು ಎಣಿಸಿಕೊಟ್ಟರು. ಅಂಥ ಕಡಗಗಳನ್ನು ಅವರು ಮೊದಲೂ ಕಂಡಿದ್ದರೆಂದು ಕಾಣುತ್ತದೆ.

ಮೈಸೂರು ದಸರೆಯಲ್ಲಿ ಎರಡು ಸಲ ಹಿಡಿದೆ. ದೊಡ್ಡಕೆರೆ ಮೈದಾನದ ದೇವರಾಜ ಅರಸು ಕ್ರೀಡಾಂಗಣದಲ್ಲಿ ನಡೆಯುವ ಆ ಕುಸ್ತಿಗೆ ಮೊದಲೇ ಒಂದು ದಿನ ಎಲ್ಲರೆದುರು ಜೋಡಿ ಕಟ್ಟುತ್ತಾರೆ. ಹಣದ ಚೌಕಾಸಿ ನಮ್ಮ ಕೈಯಲ್ಲಿರಲಿಲ್ಲ, ಹೇಳಿದ್ದಕ್ಕಿಂತ ಕಡಿಮೆಯೂ ಬರಲಿಲ್ಲ. ಊರಿಗೆ ಮರಳಿದ ಮೇಲೆ ದಸರೆಯಲ್ಲಿ ಹಿಡಿದವನು ಎಂಬ ಹೆಸರಿಗೆ ಜಾತ್ರೆಗಳಲ್ಲಿ ಒಂದೆರಡು ನಂಬರು ಮೇಲಕ್ಕೆ ಹೋದದ್ದೇ ಅದರ ನಿಜವಾದ ಗಳಿಕೆ.

2020ರ ಮಾರ್ಚಿನಲ್ಲಿ ಕೊರೊನಾ ಬಂದು ಜಾತ್ರೆಗಳು ನಿಂತಾಗ ನನಗೆ ಏಳು ಕುಸ್ತಿಗಳ ಮಾತಾಗಿತ್ತು. ಒಂದೂ ಆಗಲಿಲ್ಲ, ಮುಂಗಡ ಪಡೆಯುವ ಪದ್ಧತಿ ನಮ್ಮಲ್ಲಿಲ್ಲ. ಎರಡು ತಿಂಗಳು ಬಾದಾಮಿ ಬಿಟ್ಟೆ, ಆಮೇಲೆ ತಾಲೀಮನ್ನೇ ಬಿಟ್ಟೆ. ರಾಜ್ಯ ಸರ್ಕಾರ ಮಾಜಿ ಪೈಲ್ವಾನರಿಗೆ ಮಾಸಾಶನ ಕೊಡುತ್ತದೆ ನಿಜ, ಆದರೆ ನಮ್ಮ ತಾಲೀಮಿನ ಹಿರಿಯರೊಬ್ಬರು ಅರ್ಜಿ ಹಾಕಲು ಹೋದಾಗ ಮೊದಲು ಕೇಳಿದ್ದು ಪ್ರಮಾಣಪತ್ರಗಳನ್ನು. ಜಾತ್ರೆ ಕಮಿಟಿಯವರು ಪೇಟ ಸುತ್ತುತ್ತಾರೆ, ಕಾಯಿ ಕೊಡುತ್ತಾರೆ, ಕಾಗದ ಕೊಡುವುದಿಲ್ಲ. ಆ ಹಿರಿಯರು ಹಳೆಯ ಪೋಸ್ಟರುಗಳನ್ನು ಸುತ್ತಿಕೊಂಡು ಹೋಗಿ ಹಾಗೆಯೇ ವಾಪಸು ಬಂದರು.

ಈಗ ನಾಲ್ಕು ಊರುಗಳ ಜಾತ್ರೆಗೆ ನನ್ನನ್ನು ಪಂಚನಾಗಿ ಕರೆಯುತ್ತಾರೆ. ಹೋಗುವ ಮೊದಲು ಎರಡು ಷರತ್ತು ಹಾಕುತ್ತೇನೆ: ಸಮಬಲವಾದರೆ ಎಷ್ಟು ಎಂಬುದನ್ನೂ ಮೈಕಿನಲ್ಲೇ ಕೂಗಬೇಕು, ಪೈಲ್ವಾನ ಮೈತೊಳೆದು ಬರುವಷ್ಟರಲ್ಲಿ ಲಕೋಟೆ ಸಿದ್ಧವಿರಬೇಕು. ಎರಡು ಊರಿನವರು ಎರಡಕ್ಕೂ ಒಪ್ಪಿದ್ದಾರೆ. ಮೂರನೆಯವರು ಲಕೋಟೆಗೆ ಮಾತ್ರ ಒಪ್ಪಿದ್ದಾರೆ. ನಾಲ್ಕನೆಯ ಊರಿನವರು ಈ ವರ್ಷ ಬೇರೆ ಪಂಚರನ್ನು ಕರೆಸಿಕೊಂಡರು.