ನಮ್ಮ ಕತ್ತಿ ಕ್ಲಬ್ಬಿನ ಚರಿತ್ರೆ ಬರೆದದ್ದು ಹೀಗೆ

ಇಂಗ್ಲೆಂಡಿನ ಉತ್ತರ ಭಾಗದ ಒಂದು ಊರಲ್ಲಿ, ಶಾಲೆಯ ಹಾಲ್ ಬಾಡಿಗೆಗೆ ಹಿಡಿದು ನಡೆಯುವ ಚಿಕ್ಕ ಕ್ಲಬ್ಬು ನಮ್ಮದು. ಕಲಿಯುವುದು ಇಯಾಯ್ಡೊ. ಒರೆಯಿಂದ ಜಪಾನಿ ಕತ್ತಿ ಹಿರಿದು, ಎದುರಾಳಿ ಇದ್ದಾನೆ ಅಂದುಕೊಂಡು ಬೀಸಿ, ಮತ್ತೆ ಒರೆಗೆ ಸೇರಿಸುವ ವಿದ್ಯೆ ಇದು. ಕ್ಲಬ್ಬು ಶುರು ಮಾಡಿದವರಿಗೆಲ್ಲ ವಯಸ್ಸಾಗಿದೆ. ಅವರಲ್ಲಿ ಒಬ್ಬರು ತೀರಿಕೊಂಡಾಗ, ಮೊದಲ ವರ್ಷಗಳ ಎಷ್ಟೋ ಸಂಗತಿ ಅವರ ಜೊತೆಗೇ ಹೋಯಿತು. ಉಳಿದದ್ದನ್ನಾದರೂ ಬರೆದಿಡಬೇಕು ಅಂತ ನಾನು ಕೂತೆ.

ಕ್ಲಬ್ಬುಗಳ ಚರಿತ್ರೆ ಸಾಮಾನ್ಯವಾಗಿ ಸಮುರಾಯ್ ಕಾಲದಿಂದ ಶುರುವಾಗುತ್ತದೆ. ಅಲ್ಲಿಂದ ಒಂದೇ ನೆಗೆತಕ್ಕೆ 'ಇಂದಿನ ನಮ್ಮ ಕ್ಲಬ್' ತಲುಪುತ್ತದೆ. ನನಗೆ ಬೇಕಿದ್ದದ್ದು ನಡುವಿನ ಕಾಲ. 1876ರಲ್ಲಿ ಜಪಾನ್ ಸರ್ಕಾರವೇ ಸೈನಿಕರು, ಪೊಲೀಸರಂಥವರನ್ನು ಬಿಟ್ಟು ಬೇರೆಯವರು ಕತ್ತಿ ಕಟ್ಟಿಕೊಂಡು ಓಡಾಡಬಾರದು ಅಂದಿತು. 1945ರ ಸೋಲಿನ ನಂತರ ಮಿತ್ರಪಡೆಗಳ ಆಡಳಿತ ಶಾಲೆಗಳಲ್ಲಿ ಕೆಂಡೊ, ಅಂದರೆ ಬಿದಿರಿನ ಕತ್ತಿ ಹಿಡಿದು ಎದುರುಬದುರು ಕಾದಾಡುವ ವಿದ್ಯೆ, ನಿಲ್ಲಿಸಿತು. 1952ರಲ್ಲಿ ಅಖಿಲ ಜಪಾನ್ ಕೆಂಡೊ ಒಕ್ಕೂಟ ಹುಟ್ಟಿದ ಮೇಲೆ ವಿದ್ಯೆಗೆ ಮತ್ತೆ ನೆಲೆ ಸಿಕ್ಕಿತು. ಬ್ರಿಟನ್ನಿನ ಕಡೆಯಿಂದ ನೋಡಿದರೆ, 1918ರಲ್ಲಿ ಕೊಯ್ಜುಮಿ ಗುಂಜಿ ಲಂಡನ್ನಿನಲ್ಲಿ ಜಪಾನಿ ಸಮರಕಲೆಗಳ ಬುಡೊಕ್ವಾಯ್ ಕ್ಲಬ್ ತೆರೆದರು. ಬ್ರಿಟಿಷ್ ಕೆಂಡೊ ಅಸೋಸಿಯೇಷನ್ ಬಂದದ್ದು 1964ರಲ್ಲಿ. ಇಷ್ಟನ್ನು ಒಂದೇ ಪುಟದಲ್ಲಿ ಮುಗಿಸಿದೆ. ಇದು ಎಲ್ಲಾದರೂ ಸಿಗುತ್ತದೆ. ನಮ್ಮ ಹಾಲಿನ ಕಥೆ ಬೇರೆಲ್ಲೂ ಸಿಗುವುದಿಲ್ಲ.

ಹಿರಿಯರನ್ನು ಕೇಳುವ ಮುಂಚೆ ಕಾಗದ ಹುಡುಕಿದೆ. ಇದು ಮುಖ್ಯ. ಸುಮ್ನೆ ಹೋಗಿ 'ನೆನಪಿದ್ದದ್ದು ಹೇಳಿ ಸರ್' ಅಂದರೆ ಎಲ್ಲರೂ ಹೇಳಿ ಹೇಳಿ ನುಣುಪಾದ ಅದೇ ನಾಲ್ಕು ಕಥೆ ಹೇಳುತ್ತಾರೆ. ಹಾಲಿನ ಬಾಡಿಗೆ ರಸೀದಿಯೋ ಹಳೇ ಹಾಜರಿ ಪುಸ್ತಕವೋ ಮುಂದಿಟ್ಟರೆ ಮಾತು ಬೇರೆ ಕಡೆ ಹೊರಳುತ್ತದೆ. 'ಅಯ್ಯೋ, ಆ ಚಳಿಗಾಲ ಹೀಟರ್ ಇರಲಿಲ್ಲ, ಬರಿಗಾಲಲ್ಲಿ ನಿಲ್ಲೋಕೆ ಆಗ್ತಿರಲಿಲ್ಲ' ಅಂತ ಒಬ್ಬರು ಶುರು ಮಾಡಿದರು. ಯಾರು ಬರೋದು ಬಿಟ್ಟರು, ಯಾರು ಬಿಡಲಿಲ್ಲ ಅನ್ನುವುದೆಲ್ಲ ಅಲ್ಲಿಂದ ಬಂತು.

ಬೀರುವಿನಲ್ಲಿದ್ದ ಪಾಠದ ಹಾಳೆಗಳೇ ನನಗೆ ಸಿಕ್ಕ ದೊಡ್ಡ ನಿಧಿ. ಒಂದರ ಮೇಲೂ ತಾರೀಖಿಲ್ಲ. ಆದರೆ ಇಯಾಯ್ಡೊ ಕಲಿತವರಿಗೆ ಅದನ್ನು ಓದಲು ಒಂದು ದಾರಿ ಇದೆ. ಒಕ್ಕೂಟದ ಸೆಯ್ತೆಯ್ ಕತಗಳು, ಅಂದರೆ ಎಲ್ಲ ಪಂಥದವರೂ ಕಲಿಯುವ ಸಾಮಾನ್ಯ ವರಸೆಗಳು, 1969ರಲ್ಲಿ ಬಂದಾಗ ಏಳೇ ಇದ್ದವು. 1980ರಲ್ಲಿ ಮೂರು ಸೇರಿ ಹತ್ತಾದವು. 2000ದಲ್ಲಿ ಇನ್ನೆರಡು ಸೇರಿ ಹನ್ನೆರಡು. ಹಾಗಾಗಿ ಪಟ್ಟಿ ಎಲ್ಲಿ ನಿಲ್ಲುತ್ತದೆ ಅಂತ ನೋಡಿದರೆ ಸಾಕು. ಏಳನೆಯ ಸಾನ್ಪೊಗಿರಿಗೆ ನಿಂತರೆ ತೀರಾ ಹಳೆಯದು. ಹತ್ತನೆಯ ಶಿಹೊಗಿರಿಗೆ ನಿಂತರೆ ಹೆಚ್ಚುಕಡಿಮೆ ಎಂಬತ್ತು, ತೊಂಬತ್ತರ ದಶಕದ್ದು. ನಮ್ಮಲ್ಲಿದ್ದ ಒಂದು ಹಾಳೆಯಲ್ಲಿ ಹತ್ತು ಹೆಸರು ಟೈಪ್ ಮಾಡಿವೆ. ಕೆಳಗೆ ನೀಲಿ ಇಂಕಿನಲ್ಲಿ ಸೊಗಿರಿ, ನುಕಿಉಚಿ ಅಂತ ಕೈಬರಹದಲ್ಲಿ ಸೇರಿಸಿದ್ದಾರೆ. ನುಕಿಉಚಿಯ ಪಕ್ಕ ಎರಡು ಪುಟ್ಟ ಪಾದಗಳ ಚಿತ್ರ, ಹಿಂದಕ್ಕೆ ಒಂದು ಬಾಣ. ಹೊಸ ವರಸೆ ನಮ್ಮೂರಿಗೆ ಬಂದು ಮುಟ್ಟಿದ್ದು ಆ ಹಾಳೆಯಲ್ಲೇ ಇದೆ. ಅದನ್ನು ನಮ್ಮ ಹಿರಿಯ ಗುರುಗಳಿಗೆ ತೋರಿಸಿದಾಗ ಅವರು ಮಾತಾಡಲಿಲ್ಲ. ಎದ್ದು ನಿಂತು, ಆ ಹಿಂದಿನ ಹೆಜ್ಜೆ ಇಟ್ಟು, ಆಗ ಯಾರು ಹೇಗೆ ಕಲಿಸಿದರು ಅಂತ ಮಾಡಿಯೇ ತೋರಿಸಿದರು. ಅಂದಿನಿಂದ ಸಂದರ್ಶನ ಅಂತ ಯಾರನ್ನೂ ಕುರ್ಚಿಯಲ್ಲಿ ಕೂರಿಸಲಿಲ್ಲ. ಕೈಗೆ ಕತ್ತಿ ಕೊಟ್ಟು, ಫೋನಿನಲ್ಲಿ ವಿಡಿಯೊ ಇಟ್ಟೆ.

ಪದವಿಗಳ, ಅಂದರೆ ಪರೀಕ್ಷೆ ಪಾಸಾಗಿ ಪಡೆಯುವ ಡಾನ್ ದರ್ಜೆಗಳ ವಿಷಯಕ್ಕೆ ಸರ್ಟಿಫಿಕೇಟು ನಂಬಬಹುದು. ಮೊದಲ ಡಾನ್ ಆದ ಮೇಲೆ ಎರಡನೆಯದಕ್ಕೆ ಕನಿಷ್ಠ ಒಂದು ವರ್ಷ, ಅಲ್ಲಿಂದ ಮೂರನೆಯದಕ್ಕೆ ಎರಡು, ನಾಲ್ಕನೆಯದಕ್ಕೆ ಮೂರು ವರ್ಷ ಕಾಯಬೇಕು. 2003ರಲ್ಲಿ ಮೊದಲ ಡಾನ್ ಪಡೆದವರು 2009ಕ್ಕೆ ಮುಂಚೆ ನಾಲ್ಕನೆಯದು ಪಡೆದಿರಲು ಸಾಧ್ಯವಿಲ್ಲ. ನೆನಪು ಮತ್ತು ಕಾಗದ ಹೊಂದದೇ ಹೋದಾಗ ಈ ಲೆಕ್ಕ ತುಂಬಾ ಸಹಾಯ ಮಾಡಿತು. ಯಾರಿಗೂ ನೋವಾಗದ ಹಾಗೆ ವಿಷಯ ಇತ್ಯರ್ಥವಾಗುತ್ತಿತ್ತು.

2008ರಿಂದ ಈಚೆಗೆ ದಾಖಲೆ ಚೆನ್ನಾಗಿದೆ. ಆ ವರ್ಷ ಏಪ್ರಿಲ್‌ನಿಂದ ಇಂಗ್ಲೆಂಡಿನಲ್ಲಿ 50 ಸೆಂಟಿಮೀಟರ್ ಅಥವಾ ಅದಕ್ಕಿಂತ ಉದ್ದದ ಬಾಗಿದ ಅಲಗಿನ ಕತ್ತಿ ಮಾರುವುದು, ತರಿಸುವುದು ನಿಷೇಧವಾಯಿತು. ವಿಮೆ ಇರುವ ಕ್ರೀಡಾ ಚಟುವಟಿಕೆಗೆ ವಿನಾಯಿತಿ ಇದೆ. ಆಮೇಲೆ ನಮ್ಮಲ್ಲಿ ಸದಸ್ಯತ್ವ, ವಿಮೆ ಎಲ್ಲ ಕಟ್ಟುನಿಟ್ಟಾಯಿತು. ಪಟ್ಟಿಯೂ ಪೂರ್ತಿ ಉಳಿಯಿತು.

ಗೋಡೆಯ ಮೇಲೆ ಡಾನ್ ಪ್ರಕಾರ ಜೋಡಿಸಿದ ಮರದ ಹೆಸರುಫಲಕಗಳಿವೆ. ಕ್ಲಬ್ ಬಿಟ್ಟುಹೋದವರ ಫಲಕಗಳು ಬೀರುವಿನ ಕೆಳಗೆ ಒಂದು ಡಬ್ಬಿಯಲ್ಲಿದ್ದವು. ಅವನ್ನೆಲ್ಲ ಒರೆಸಿ, ಫೋಟೊ ತೆಗೆದು, ಪುಸ್ತಕದಲ್ಲಿ ಹಾಕಿದೆ. ಒಂದು ಡಾನ್ ಕೂಡ ಪಡೆಯದೆ ವರ್ಷಗಟ್ಟಲೆ ಹಾಲಿನ ಬೀಗದ ಕೈ ನೋಡಿಕೊಂಡ ಒಬ್ಬ ಹೆಂಗಸಿದ್ದರು. ಅವರಿಗೆ ಫಲಕವೇ ಇರಲಿಲ್ಲ. ಬಾಡಿಗೆ ರಸೀದಿಗಳ ಮೇಲೆಲ್ಲ ಸಹಿ ಅವರದೇ. ಪುಸ್ತಕದಲ್ಲಿ ಅವರಿಗೆ ಒಂದು ಇಡೀ ಅಧ್ಯಾಯ ಕೊಟ್ಟಿದ್ದೇನೆ. ಕ್ಲಬ್ಬಿನವರು ಅದನ್ನು ಓದಿ, ಅವರ ಹೆಸರಲ್ಲಿ ಒಂದು ಫಲಕ ಬರೆಸಲು ಹೇಳಿದ್ದಾರೆ.