ಕುತ್ತಿಗೆಯಿಂದ ಶುರುವಾಗುವ ಸ್ವೆಟರ್ ಮತ್ತು ತೋಳಿನ ಲೆಕ್ಕ

ಕುತ್ತಿಗೆಯಿಂದ ಕೆಳಕ್ಕೆ ಒಂದೇ ತುಂಡಾಗಿ ಹೆಣೆದ ಸ್ವೆಟರಿಗೆ ಜೋಡಿಸುವ ಹೊಲಿಗೆ ಬೇಕಿಲ್ಲ, ಮಧ್ಯದಲ್ಲೇ ಹಾಕಿ ನೋಡಬಹುದು, ಉದ್ದ ಸಾಲದಿದ್ದರೆ ಅಂಚು ಬಿಚ್ಚಿ ಮುಂದುವರಿಸಬಹುದು. ಇಷ್ಟಿದ್ದೂ ಬಹಳ ಸ್ವೆಟರುಗಳ ತೋಳು ಜೋಲುತ್ತದೆ, ಮುಂಗತ್ತು ಗಂಟಲಿಗೆ ಒತ್ತುತ್ತದೆ. ಎರಡಕ್ಕೂ ಕಾರಣ ಕಡ್ಡಿ ಹಿಡಿಯುವ ಮೊದಲಿನ ಲೆಕ್ಕ. ನಾನು ಲೆಕ್ಕ ಹಾಕುವ ಕ್ರಮವನ್ನು 92 ಸೆಂ.ಮೀ. ಎದೆಸುತ್ತಳತೆಯ ಸಾದಾ ರಾಗ್ಲಾನ್ (ಕತ್ತಿನಿಂದ ಕಂಕುಳಿಗೆ ಓರೆ ಗೆರೆಯಲ್ಲಿ ತೋಳು ಕೂಡುವ) ಸ್ವೆಟರೊಂದನ್ನು ಇಟ್ಟುಕೊಂಡು ಹೇಳುತ್ತೇನೆ.

ದಾರ 100 ಗ್ರಾಮಿಗೆ ಸುಮಾರು 200 ಮೀಟರ್ ಬರುವ ಉಣ್ಣೆ. 550 ಗ್ರಾಂ ಹಿಡಿಯುತ್ತದೆ, 600 ತೆಗೆದಿಡುವುದು ಕ್ಷೇಮ. ಮೈಗೆ 4 ಮಿ.ಮೀ.ನ 80 ಸೆಂ.ಮೀ. ಸರ್ಕ್ಯುಲರ್ ಕಡ್ಡಿ (ಎರಡು ಕಡ್ಡಿಗಳನ್ನು ಬಳುಕುವ ತಂತಿ ಜೋಡಿಸಿದ್ದು), ಕತ್ತಿಗೆ 40 ಸೆಂ.ಮೀ.ದು, ಅಂಚಿನ ಹಿಗ್ಗುವ ಪಟ್ಟಿಯಾದ ರಿಬ್‌ಗೆ 3.5 ಮಿ.ಮೀ. ಲೇಬಲ್ಲಿನ ಡೈ ಲಾಟ್ (ಒಟ್ಟಿಗೆ ಬಣ್ಣ ಹಾಕಿದ ಕಂತಿನ) ಸಂಖ್ಯೆ ಎಲ್ಲ ಉಂಡೆಗಳಿಗೂ ಒಂದೇ ಇರಬೇಕು. ಇಲ್ಲದಿದ್ದರೆ ಎರಡೆರಡು ಸುತ್ತಿಗೆ ಉಂಡೆ ಬದಲಾಯಿಸುತ್ತ ಹೋಗಬೇಕು, ಇಲ್ಲವಾದರೆ ಹೊಟ್ಟೆಯ ಮೇಲೆ ಬಣ್ಣದ ಗೆರೆ ಎದ್ದು ಕಾಣುತ್ತದೆ.

ಮಾದರಿ ತುಂಡನ್ನು ಸುತ್ತಿನಲ್ಲಿ ಹೆಣೆದಂತೆಯೇ ಹೆಣೆಯಬೇಕು. ಹಿಂದೆ ಮುಂದೆ ಹೆಣೆದರೆ ಸಾಲು ಬಿಟ್ಟು ಸಾಲು ಪರ್ಲ್ (ಉಲ್ಟಾ ಹೆಣಿಗೆ) ಬರುತ್ತದೆ. ಹೆಚ್ಚಿನವರ ಪರ್ಲ್ ಸೀದಾ ಹೆಣಿಗೆಯಾದ ನಿಟ್‌ಗಿಂತ ಸಡಿಲ, ಅಳತೆ ಸುಳ್ಳಾಗುತ್ತದೆ. ಹಾಗಾಗಿ ಒಂದು ಸಾಲು ಮುಗಿದ ಕೂಡಲೇ ತಿರುಗಿಸದೆ, ಕುಣಿಕೆಗಳನ್ನು ಕಡ್ಡಿಯ ಇನ್ನೊಂದು ತುದಿಗೆ ಜರುಗಿಸಿ, ದಾರವನ್ನು ಹಿಂಬದಿಯಲ್ಲಿ ಧಾರಾಳವಾಗಿ ಜೋತುಬಿಟ್ಟು ಮತ್ತೆ ನಿಟ್ ಸಾಲನ್ನೇ ಹೆಣೆಯುತ್ತೇನೆ. ತುಂಡು 15 ಸೆಂ.ಮೀ. ಚೌಕವಾದರೂ ಇರಲಿ. ತೊಳೆದು, ಒಣಗಿಸಿ, ನಡುಭಾಗದಲ್ಲಿ ಅಳೆಯಬೇಕು. ನನ್ನ ಲೆಕ್ಕಕ್ಕೆ 10 ಸೆಂ.ಮೀ.ಗೆ 20 ಕುಣಿಕೆ, 28 ಸುತ್ತು. ಇದು 20ರ ಬದಲು 19 ಆದರೆ 200 ಕುಣಿಕೆಯ ಸ್ವೆಟರ್ 100 ಸೆಂ.ಮೀ. ಇರದೆ 105 ಆಗುತ್ತದೆ. ಸುತ್ತಿನ ಲೆಕ್ಕವನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ, ಆದರೆ ಕಂಕುಳ ಎಲ್ಲಿ ಕೂರುತ್ತದೆ ಎನ್ನುವುದು ಅದರ ಮೇಲೇ ನಿಂತಿದೆ. ತೊಳೆದ ಮೇಲೆ 28 ಹೋಗಿ 26 ಆದರೆ 60 ಸುತ್ತಿನ ಭುಜಭಾಗ (ಕತ್ತಿನಿಂದ ಕಂಕುಳಿನವರೆಗಿನದು) 21.4ರಿಂದ 23 ಸೆಂ.ಮೀ.ಗೆ ಉದ್ದವಾಗುತ್ತದೆ. ಸೂಪರ್‌ವಾಶ್ ಉಣ್ಣೆ (ಯಂತ್ರದಲ್ಲಿ ತೊಳೆಯಬಹುದಾದಂತೆ ಸಂಸ್ಕರಿಸಿದ್ದು) ಹೀಗೆ ಮಾಡುವುದು ಸಾಮಾನ್ಯ.

ಕತ್ತಿಗೆ 96 ಕುಣಿಕೆ. ಹಿಂಭಾಗ 32, ಮುಂಭಾಗ 32, ತೋಳು 16-16. 48 ಸೆಂ.ಮೀ. ಸುತ್ತಳತೆ ತಲೆಯ ಮೇಲೆ ಹಾಯಬೇಕಾದ್ದರಿಂದ ಒಂದು ಸೈಜ್ ದೊಡ್ಡ ಕಡ್ಡಿಯ ಮೇಲೆ ಸಡಿಲವಾಗಿ ಕುಣಿಕೆ ಹಾಕುತ್ತೇನೆ. ಸುತ್ತು ಕೂಡಿಸುವ ಮೊದಲು ಸಾಲು ತಿರುಚಿಲ್ಲವೆಂದು ಬೆರಳಾಡಿಸಿ ನೋಡಲೇಬೇಕು. ಇದನ್ನು ಎರಡು ಸುತ್ತಾದ ಮೇಲೆ ಸರಿಮಾಡಲಾಗದು. ಒಂದು ಸಾಲನ್ನು ಚಪ್ಪಟೆಯಾಗಿ ಹೆಣೆದು ಆಮೇಲೆ ಕೂಡಿಸಿದರೆ ತಿರುಚು ಕಣ್ಣಿಗೆ ಬೀಳುತ್ತದೆ, ಉಳಿದ ಸಣ್ಣ ಸಂದನ್ನು ತುದಿಯ ದಾರದಿಂದ ಹೊಲಿದುಬಿಡಬಹುದು. 2×2 ರಿಬ್ (ಎರಡು ನಿಟ್, ಎರಡು ಪರ್ಲ್) 2.5 ಸೆಂ.ಮೀ., ನಂತರ 4 ಮಿ.ಮೀ. ಕಡ್ಡಿ.

ಗಂಟಲಿಗೆ ಒತ್ತುವುದು ಇಲ್ಲಿ ತೀರ್ಮಾನವಾಗುತ್ತದೆ. ಹಿಂಗತ್ತು ಮುಂಗತ್ತಿಗಿಂತ 2 ಸೆಂ.ಮೀ. ಮೇಲಿರಬೇಕು, ಅದಕ್ಕೆ ಅರ್ಧ ಸಾಲುಗಳು (ಸುತ್ತು ಮುಗಿಸದೆ ನಡುವೆಯೇ ತಿರುಗಿಸುವ ಸಾಲುಗಳು) ಬೇಕು. ಸುತ್ತಿನ ಆರಂಭವನ್ನು ಬೆನ್ನಿನ ನಡುವೆ ಇಟ್ಟುಕೊಂಡು, ಮೈ, ತೋಳು ಕೂಡುವ ನಾಲ್ಕು ರಾಗ್ಲಾನ್ ಗೆರೆಗೂ ಮಾರ್ಕರ್ (ಗುರುತಿನ ಉಂಗುರ) ಹಾಕಿ, ಮೊದಲ ಮಾರ್ಕರ್ ದಾಟಿ 3 ಕುಣಿಕೆ ನಿಟ್ ಮಾಡಿ ತಿರುಗಿಸುತ್ತೇನೆ. ಪರ್ಲ್ ಮಾಡುತ್ತ ಬೆನ್ನಿನ ಆ ಕಡೆಯ ಮಾರ್ಕರ್ ದಾಟಿ 3 ಕುಣಿಕೆಗೆ ಮತ್ತೆ ತಿರುವು. ಮುಂದಿನ ಜೋಡಿ ಮಾರ್ಕರಿನಾಚೆ 8ಕ್ಕೆ, ಅದರ ಮುಂದಿನದು 13ಕ್ಕೆ. ಒಟ್ಟು ಆರು ಅರ್ಧ ಸಾಲು. ತಿರುಗಿದ ತಕ್ಷಣ ದಾರವನ್ನು ಮುಂದಕ್ಕೆ ತಂದು ಮೊದಲ ಕುಣಿಕೆಯನ್ನು ಹೆಣೆಯದೆ ಬಲ ಕಡ್ಡಿಗೆ ಜರುಗಿಸಿ, ದಾರವನ್ನು ಕಡ್ಡಿಯ ಮೇಲಿಂದ ಹಿಂದಕ್ಕೆ ಜಗ್ಗಬೇಕು. ಕುಣಿಕೆ ಮಗುಚಿ ಎರಡು ಕಾಲು ಕಾಣಿಸುತ್ತದೆ. ಮುಂದೆ ಎದುರಾದಾಗ ಎರಡನ್ನೂ ಸೇರಿಸಿ ಒಂದೇ ಕುಣಿಕೆಯಾಗಿ ಹೆಣೆ. ಜಗ್ಗುವುದು ಸಡಿಲವಾದರೆ ಅಲ್ಲಿ ತೂತು ಖಂಡಿತ.

ಈಗ ಹೆಚ್ಚಿಸುವಿಕೆ. ಮಾರ್ಕರಿಗೆ ಒಂದು ಕುಣಿಕೆ ಹಿಂದೆ ಒಂದು, ಮಾರ್ಕರ್ ದಾಟಿ ಒಂದು ಕುಣಿಕೆಯ ನಂತರ ಒಂದು. ನಾಲ್ಕು ಗೆರೆಗೆ 8. ಎರಡು ಕುಣಿಕೆಗಳ ನಡುವಿನ ಅಡ್ಡ ಎಳೆಯನ್ನು ಎತ್ತಿ ತಿರುಚಿ ಹೆಣೆಯುವುದೇ ನನಗಿಷ್ಟ. ತಿರುಚದೆ ಹೆಣೆದರೆ ತೂತು ಉಳಿಯುತ್ತದೆ. ಮಾರ್ಕರಿಗೆ ಮುನ್ನಿನದಕ್ಕೆ ಎಳೆಯನ್ನು ಹಿಂದಿನಿಂದ ಎತ್ತಿ ಮುಂದಿನ ಕಾಲಿನಲ್ಲಿ ಹೆಣೆದರೆ ಬಲಕ್ಕೆ ವಾಲುತ್ತದೆ; ನಂತರದ್ದಕ್ಕೆ ಮುಂದಿನಿಂದ ಎತ್ತಿ ಹಿಂದಿನ ಕಾಲಿನಲ್ಲಿ ಹೆಣೆದರೆ ಎಡಕ್ಕೆ. ಅದಲುಬದಲಾದರೆ ಆಕಾಶವೇನೂ ಬೀಳುವುದಿಲ್ಲ, ನಾಲ್ಕೂ ಗೆರೆಯಲ್ಲಿ ಒಂದೇ ರೀತಿ ಇದ್ದರಾಯಿತು.

ಸುತ್ತು ಬಿಟ್ಟು ಸುತ್ತು ಹೆಚ್ಚಿಸುತ್ತ ಹೋಗಿ ಎನ್ನುತ್ತವೆ ಹೆಚ್ಚಿನ ಸೂಚನೆಗಳು. ತೋಳು ಕೆಡುವುದು ಇಲ್ಲೇ. ಎದೆಗೆ 92ರ ಮೇಲೆ 8 ಸೆಂ.ಮೀ. ಸಡಿಲ ಸೇರಿಸಿದರೆ 100 ಸೆಂ.ಮೀ., ಅಂದರೆ 200 ಕುಣಿಕೆ. ಪ್ರತಿ ಕಂಕುಳಿಗೆ 8 ಹೊಸದಾಗಿ ಬರುವುದರಿಂದ ಹಿಂದೆ 92, ಮುಂದೆ 92 ಬೇಕು. 32ರಿಂದ 92ಕ್ಕೆ ಹೋಗಲು 30 ಹೆಚ್ಚಿಸುವ ಸುತ್ತು. ತೋಳಿಗೂ ಅದೇ 30 ಬಿದ್ದರೆ 16 ಹೋಗಿ 76, ಕಂಕುಳಿನ 8 ಸೇರಿ 84. ಅದು 42 ಸೆಂ.ಮೀ. ಸುತ್ತಳತೆಯ ತೋಳು! 31 ಸೆಂ.ಮೀ. ತೋಳಿಗೆ 5 ಸೆಂ.ಮೀ. ಸಡಿಲ ಧಾರಾಳ, 72 ಕುಣಿಕೆ ಸಾಕು. ಆದ್ದರಿಂದ ತೋಳಿಗೆ 24 ಸಲ ಮಾತ್ರ ಹೆಚ್ಚಿಸಬೇಕು. ಬಿಡುವ ಆರನ್ನು ಕೊನೆಗೆ ಒಟ್ಟಿಗೆ ಇಟ್ಟರೆ ಗೆರೆ ಅಲ್ಲಿ ಮುರಿದಂತಾಗುತ್ತದೆ. ಪ್ರತಿ ಐದನೆಯ ಹೆಚ್ಚಿಸುವ ಸುತ್ತಿನಲ್ಲಿ ಮೈಯ ಕಡೆ ಮಾತ್ರ, ಅಂದರೆ 8ರ ಬದಲು 4 ಹೆಚ್ಚಿಸುತ್ತೇನೆ. 60 ಸುತ್ತು ಮುಗಿದಾಗ ಕಡ್ಡಿಯ ಮೇಲೆ 312 ಇರಬೇಕು: ಮೈಗೆ 184, ತೋಳುಗಳಿಗೆ 128. ದೊಡ್ಡ ಅಳತೆಗಳಲ್ಲಿ ಈ ಅಂತರ ಇನ್ನೂ ಹೆಚ್ಚು. ಅಲ್ಲಿ ಸಾದಾ ಸುತ್ತುಗಳಲ್ಲೂ ಮೈಗೆ ಮಾತ್ರ ಹೆಚ್ಚಿಸಬೇಕು, ಇಲ್ಲದಿದ್ದರೆ ಎದೆ ಸಾಕಾಗುವ ಹೊತ್ತಿಗೆ ಕಂಕುಳ ಸೊಂಟದತ್ತ ಹೊರಟಿರುತ್ತದೆ.

ಬೇರ್ಪಡಿಸುವ ಮೊದಲು ಕುಣಿಕೆಗಳನ್ನೆಲ್ಲ ಉದ್ದನೆಯ ದಾರಕ್ಕೆ ವರ್ಗಾಯಿಸಿ ಹಾಕಿ ನೋಡಿ. ಅಂಚು ಕಂಕುಳಿನಿಂದ 2 ಸೆಂ.ಮೀ. ಕೆಳಗಿದ್ದರೆ ಸರಿ. ತೊಳೆದಾಗ ಇಳಿಯುವ ದಾರವಾದರೆ ಕಂಕುಳಿಗೇ ನಿಲ್ಲಿಸಿ. ನಂತರ ಬೆನ್ನಿನ 46 ಹೆಣೆದು, 64 ತೋಳಿನ ಕುಣಿಕೆಯನ್ನು ಬೇರೆ ದಾರಕ್ಕೆ ಹಾಕಿ, 8 ಹೊಸದು, ಮುಂಭಾಗದ 92, ಮತ್ತೆ 64, ಮತ್ತೆ 8, ಉಳಿದ 46. ಮೈ 33 ಸೆಂ.ಮೀ. ನೇರವಾಗಿ, ಆಮೇಲೆ ರಿಬ್ 5 ಸೆಂ.ಮೀ. ಕೊನೆಗೆ ಕುಣಿಕೆ ಮುಚ್ಚುವಾಗ ಸಡಿಲವಿರಲಿ.

ತೋಳಿಗೆ ಕಂಕುಳಿನ 8ರ ಜತೆ ಎರಡೂ ಮೂಲೆಗಳಲ್ಲಿ ಒಂದೊಂದು ಹೆಚ್ಚುವರಿ ಎತ್ತಿ, ಮುಂದಿನ ಸುತ್ತಿನಲ್ಲಿ ಪಕ್ಕದ ಕುಣಿಕೆಯೊಡನೆ ಸೇರಿಸಿ ಹೆಣೆದರೆ ಅಲ್ಲಿನ ತೂತು ಮುಚ್ಚುತ್ತದೆ. 72ರಿಂದ ಮಣಿಕಟ್ಟಿನ 44ಕ್ಕೆ ಬರಲು, 8 ಸುತ್ತು ಬಿಟ್ಟು, ಪ್ರತಿ 7ನೆಯ ಸುತ್ತಿಗೆ ಎರಡರಂತೆ 14 ಸಲ ಕಡಿಮೆ ಮಾಡಬೇಕು. 38 ಸೆಂ.ಮೀ. ಆದಾಗ ರಿಬ್ 6 ಸೆಂ.ಮೀ. ಸಣ್ಣ ಸುತ್ತಿನಲ್ಲಿ ಕೈ ಬಿಗಿಯಾಗುವುದು ಸಾಮಾನ್ಯ, 10 ಸೆಂ.ಮೀ. ಆದ ಮೇಲೆ ಅಳೆದು ನೋಡಿ, ಬಿಗಿಯಿದ್ದರೆ ಕಡ್ಡಿ ಕಾಲು ಮಿ.ಮೀ. ದೊಡ್ಡದು ಮಾಡಿ.

ಉಗುರುಬೆಚ್ಚಗಿನ ನೀರಲ್ಲಿ 20 ನಿಮಿಷ ನೆನೆಸಿ, ಹಿಂಡದೆ ಟವೆಲ್ಲಿನಲ್ಲಿ ಸುತ್ತಿ ಒತ್ತಿ, ಹರಡಿ ಒಣಗಿಸಿ. ತುದಿ ದಾರಗಳನ್ನು ತೊಳೆಯುವ ಮೊದಲೇ ಹೊಲಿದು ಸೇರಿಸಿರಿ, ಆದರೆ ಕತ್ತರಿಸುವುದು ಒಣಗಿದ ಮೇಲೆ. ಹಸಿಯಾದಾಗ ಉಣ್ಣೆ ಹಿಗ್ಗಿ ಗಿಡ್ಡ ತುದಿಗಳು ಹೊರಕ್ಕೆ ಜಾರುತ್ತವೆ.